ಚಿರತೆ ಬಂತು ಅಂತ ಬರೆಯುವ ಮೊದಲು

ಹೋದ ವರ್ಷ ಠಾಣೆಯಲ್ಲಿ ನಮ್ಮವರದೊಂದು ನಾಮಕರಣವಿತ್ತು. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ದೊಡ್ಡಮ್ಮ ಎಲೆಗೆ ನೀರು ಚಿಮುಕಿಸುತ್ತಾ ಕೇಳಿದರು, "ಎಂತ ಕೆಲ್ಸ ಅದ್ ನಿಂದ್? ಹುಲಿಗೆ ಅನ್ನ ಹಾಕೂಕೆ ಸಂಬ್ಳ ಕೊಡ್ತ್ರಾ?" ದೊಡ್ಡಮ್ಮ ಕುಂದಾಪುರ ಬಿಟ್ಟು ಮುಲುಂಡಿಗೆ ಬಂದು ನಲವತ್ತು ವರ್ಷವಾಗಿದೆ, ಮಾತು ಮಾತ್ರ ಇನ್ನೂ ಊರಿನದೇ. ಕಾಡುಪ್ರಾಣಿ ಉಳಿಸುವ ಒಂದು ಸಣ್ಣ ಟ್ರಸ್ಟಿನಲ್ಲಿ ಕಮ್ಯುನಿಕೇಷನ್ಸ್ ನೋಡಿಕೊಳ್ಳುತ್ತೇನೆ ಅಂದೆ. "ಹಂಗಂದ್ರೆ?" ಅಂದರು. ಅಷ್ಟರಲ್ಲಿ ಸಾರು ಬಂತು, ಮಾತು ಅಲ್ಲಿಗೆ ನಿಂತಿತು.

ಇದೇ ಪ್ರಶ್ನೆಯನ್ನು ಕಾಲೇಜು ಮುಗಿಸಿದ ಹುಡುಗ ಹುಡುಗಿಯರೂ ಕೇಳುತ್ತಾರೆ, ಸ್ವಲ್ಪ ಬೇರೆ ಥರ. ಫೋಟೋ ಹಾಕೋದು, ರೀಲ್ಸ್ ಮಾಡೋದು, ಆಗಾಗ ಕಾಡಿಗೆ ಹೋಗಿ ಬರೋದು, ಅಷ್ಟೇ ಅಲ್ವಾ? ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಕಾಡಿಗೆ ಹೋದದ್ದಕ್ಕಿಂತ ಬೋರಿವಲಿಯ ಒಂದು ಎರಡನೇ ಮಹಡಿಯ ಕೋಣೆಯಲ್ಲಿ ಕೂತು ನಾನೇ ಬರೆದ ವಾಕ್ಯಗಳನ್ನು ಹೊಡೆದುಹಾಕಿದ್ದೇ ಜಾಸ್ತಿ. ಪತ್ರಕರ್ತರು ಗೊತ್ತಾದದ್ದನ್ನು ಆದಷ್ಟು ಬೇಗ ಹೇಳಬೇಕು. ನಮ್ಮಲ್ಲಿ ಗೊತ್ತಿದ್ದರಲ್ಲಿ ಅರ್ಧ ಹೇಳುವ ಹಾಗೇ ಇಲ್ಲ, ಉಳಿದರ್ಧವನ್ನು ಯಾರಿಗೆ ಮೊದಲು, ಯಾವ ಮಾತಿನಲ್ಲಿ ಹೇಳಬೇಕು ಅನ್ನುವುದರಲ್ಲೇ ದಿನ ಹೋಗುತ್ತದೆ. ಅದು ಯಾಕೆ ಹಾಗೆ ಅಂತ ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ, ಸಾರು ಬರುವುದರೊಳಗೆ.

ಮೊದಲು ಜಾಗದ ವಿಷಯ. ಮುಂಬೈಯ ಉತ್ತರಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ, ಸುಮಾರು 104 ಚದರ ಕಿಲೋಮೀಟರ್. ಒಂದು ಪಕ್ಕ ಬೋರಿವಲಿ, ಕಾಂದಿವಲಿ. ಇನ್ನೊಂದು ಪಕ್ಕ ಮುಲುಂಡ್, ಭಾಂಡುಪ್. ಮೇಲೆ ಠಾಣೆಯ ಘೋಡ್‌ಬಂದರ್ ರಸ್ತೆ, ಕೆಳಗೆ ಆರೇ ಕಾಲನಿ. 2018ರಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದರೆ ತಾನೇ ಫೋಟೋ ತೆಗೆಯುವ ಪೆಟ್ಟಿಗೆ) ಇಟ್ಟು ಎಣಿಸಿದಾಗ ಉದ್ಯಾನ ಮತ್ತು ಅದರ ಅಂಚಿನಲ್ಲಿ 47 ಚಿರತೆಗಳು ಸಿಕ್ಕವು, 2015ರ ಲೆಕ್ಕದಲ್ಲಿ 35 ಇದ್ದವು. ಇಷ್ಟು ದಟ್ಟವಾದ ಊರಿನ ನಡುವೆ ಇಷ್ಟು ಚಿರತೆಗಳಿರುವ ಜಾಗ ಜಗತ್ತಿನಲ್ಲೇ ಅಪರೂಪ. ಅವು ಬೇಲಿಯೊಳಗೇ ಇರಬೇಕು ಅಂತ ನಮಗೆ ಅನಿಸುತ್ತದೆ, ಚಿರತೆಗೆ ಬೇಲಿ ಅಂದರೆ ದಾಟಲು ಇರುವ ಗೋಡೆ, ಅಷ್ಟೇ.

2002ರಿಂದ 2004ರ ತನಕ ಇಲ್ಲಿ ಕೆಟ್ಟ ಕಾಲ ಇತ್ತು. 2004ರ ಜೂನ್ ಒಂದೇ ತಿಂಗಳಲ್ಲಿ ಸುಮಾರು ಹತ್ತು ಜನ ಚಿರತೆ ದಾಳಿಗೆ ಸತ್ತರು. ಆಗ ಎಲ್ಲರ ಬಾಯಲ್ಲೂ ಒಂದೇ ಬೇಡಿಕೆ: ಹಿಡಿದು ಒಯ್ದು ದೂರ ಬಿಡಿ. ಕೇಳಲು ಸರಿಯಾಗಿಯೇ ಇದೆ. ಆದರೆ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಅದನ್ನೇ ಮಾಡಿದ್ದರು, ಏನಾಯಿತು ಅಂತ ಚಿರತೆ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಲೆಕ್ಕ ಹಾಕಿ 2011ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು (ಆ ಜೊತೆಗಾರರಲ್ಲಿ ನಮ್ಮ ಉಲ್ಲಾಸ ಕಾರಂತರೂ ಒಬ್ಬರು). ಮೊದಲು ಆ ಭಾಗದಲ್ಲಿ ವರ್ಷಕ್ಕೆ ಸರಾಸರಿ 4 ದಾಳಿಗಳಾಗುತ್ತಿದ್ದವು. 29 ಚಿರತೆಗಳನ್ನು ಹಿಡಿದು ಸರಾಸರಿ 40 ಕಿಲೋಮೀಟರ್ ದೂರ ಒಯ್ದು ಬಿಟ್ಟ ಮೇಲೆ ಅದು 17ಕ್ಕೆ ಏರಿತು.

ಯಾಕೆ ಅಂತ ಅರ್ಥ ಮಾಡಿಕೊಳ್ಳಲು ವಿರಾರ್ ಲೋಕಲ್ ಸಾಕು. ಸಂಜೆ ಆರರ ಗಾಡಿಯಲ್ಲಿ ಕಿಟಕಿ ಪಕ್ಕ ಕೂತವರನ್ನು ಎಬ್ಬಿಸಿ ಕಳಿಸಿದಿರಿ ಅನ್ನಿ, ಸೀಟು ಖಾಲಿ ಉಳಿಯುತ್ತದಾ? ಎರಡು ಸೆಕೆಂಡಿನಲ್ಲಿ ಇನ್ನೊಬ್ಬರು ಕೂರುತ್ತಾರೆ. ಹಳಬರಿಗೆ ಪಕ್ಕದವರು ಗೊತ್ತಿದ್ದರು, ಹೊಸಬರಿಗೆ ಗೊತ್ತಿಲ್ಲ, ಮೊಣಕೈ ತಾಗಿದ್ದಕ್ಕೆಲ್ಲ ಜಗಳ. ಇತ್ತ ಎಬ್ಬಿಸಿ ಕಳಿಸಿದವರೂ ಸುಮ್ಮನಿರುವುದಿಲ್ಲ, ಇನ್ನೊಂದು ಡಬ್ಬಿಗೆ ಹೋಗಿ ಅಲ್ಲಿ ನುಗ್ಗುತ್ತಾರೆ. ಚಿರತೆಗೂ ತನ್ನ ಸರಹದ್ದು ಅಂತ ಇರುತ್ತದೆ. ಎಲ್ಲಿ ನಾಯಿ ಸಿಗುತ್ತದೆ, ಎಷ್ಟು ಹೊತ್ತಿಗೆ ಜನ ಮಲಗುತ್ತಾರೆ, ಯಾವ ಮೋರಿಯೊಳಗಿಂದ ನುಸುಳಬಹುದು, ಎಲ್ಲ ಅದಕ್ಕೆ ಪಾಠವಾಗಿರುತ್ತದೆ. ಅದನ್ನು ಎತ್ತಿ ಗುರುತಿಲ್ಲದ ಊರಲ್ಲಿ ಬಿಟ್ಟರೆ ಎರಡು ಕಡೆಯೂ ಗಲಾಟೆ.

ಇದು ಹತ್ತು ವಾಕ್ಯದ ವಿಷಯ. ಆದರೆ ಈ ಹತ್ತು ವಾಕ್ಯ ವಿಜ್ಞಾನ ಪತ್ರಿಕೆಯಿಂದ ಹೊರಟು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಕಾರ್ಪೊರೇಟರ್, ರಾತ್ರಿ ಪಾಳಿಯ ವಾಚ್‌ಮನ್ ತನಕ ಮುಟ್ಟಬೇಕಲ್ಲ, ಆ ದಾರಿಯೇ ನಮ್ಮ ಕೆಲಸ. ಈ ಊರಲ್ಲಿ ಅದು ದೊಡ್ಡದಾಗಿ ಶುರುವಾದದ್ದು 2011ರಲ್ಲಿ. ಆಗ ಉದ್ಯಾನದ ನಿರ್ದೇಶಕರಾಗಿದ್ದ ಸುನೀಲ್ ಲಿಮಯೆ ಅವರ ಕಾಲದಲ್ಲಿ ಅರಣ್ಯ ಇಲಾಖೆ, ಸಂಶೋಧಕರು, ಊರಿನ ಸ್ವಯಂಸೇವಕರು ಸೇರಿ 'ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ' ಅಂತ ಒಂದು ಗುಂಪು ಮಾಡಿದರು (ಎಸ್‌ಜಿಎನ್‌ಪಿ ಅಂದರೆ ಇದೇ ಉದ್ಯಾನ). ಅವರು ಮೊದಲು ಮಾತಾಡಿದವರಲ್ಲಿ ಪತ್ರಕರ್ತರೂ ಇದ್ದರು. ಜಾಣತನ ಅದು. ಒಂದು ಪತ್ರಿಕೆಯ ತಲೆಬರಹ 'ನರಭಕ್ಷಕ' ಅಂದರೆ ಮರುದಿನ ಬೋನಿಗಾಗಿ ಮೋರ್ಚಾ, ಮೋರ್ಚಾ ಬಂದರೆ ಬೋನು, ಬೋನಿಟ್ಟರೆ ಖಾಲಿ ಸೀಟು. 2001ರಿಂದ 2011ರ ತನಕದ ಮುಂಬೈ ಪತ್ರಿಕೆಗಳ ಚಿರತೆ ಸುದ್ದಿಗಳನ್ನು ಓದಿ ಮಾಡಿದ ಅಧ್ಯಯನವೊಂದು 2013ರಲ್ಲಿ ಬಂತು. ಚಿರತೆಯನ್ನು ಬರೀ ದುಷ್ಟನ ಹಾಗೆ ತೋರಿಸುತ್ತಿದ್ದ ಸುದ್ದಿಗಳ ಧಾಟಿ ವರ್ಷ ಕಳೆದಂತೆ ಬದಲಾದದ್ದನ್ನು ಅದರಲ್ಲಿ ತೋರಿಸಿದ್ದಾರೆ.

ಈಗ ಒಂದು ರಾತ್ರಿಯ ಕಥೆ, ಯಾಕಂದರೆ ಈ ಕೆಲಸ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮಳೆಗಾಲ ಆಗಷ್ಟೇ ಮುಗಿದಿತ್ತು. ರಾತ್ರಿ 11.40ಕ್ಕೆ ಘೋಡ್‌ಬಂದರ್ ಕಡೆಯ ಒಂದು ಸೊಸೈಟಿಯ ಸೆಕ್ರೆಟರಿಯಿಂದ ವಾಟ್ಸಾಪ್. ಹದಿನಾಲ್ಕು ಸೆಕೆಂಡಿನ ಸಿಸಿಟಿವಿ ವಿಡಿಯೋ. ಹಿಂಬದಿ ಗೋಡೆಯ ಮೇಲೆ ಚಿರತೆಯೊಂದು ನಿಧಾನ ನಡೆದು ಬರುತ್ತದೆ, ಕಸದ ಡಬ್ಬಿಗಳ ಹತ್ತಿರ ನಿಂತು ಕೆಳಗೆ ನೋಡುತ್ತದೆ, ಬಾಲದ ತುದಿ ಎರಡು ಸಲ ಆಡುತ್ತದೆ, ಆಚೆ ಹಾರುತ್ತದೆ. ಅಷ್ಟೇ. ವಿಡಿಯೋ ಕೆಳಗೆ ಸೆಕ್ರೆಟರಿ ನಾಲ್ಕು ನೂರು ಮನೆಗಳಿಗೆ ಕಳಿಸಲು ಬರೆದಿಟ್ಟ ಮೆಸೇಜು: "ಡೇಂಜರ್! ಮ್ಯಾನ್‌ಈಟರ್ ನಮ್ಮ ಸೊಸೈಟಿಗೆ ನುಗ್ಗಿದೆ. ಯಾರೂ ಹೊರಗೆ ಬರಬೇಡಿ. ನಾಳೆ ಫಾರೆಸ್ಟ್ ಆಫೀಸಿಗೆ ಮೋರ್ಚಾ." ಕಳಿಸಲಾ ಅಂತ ಕೇಳಿದ್ದರು. ಕೇಳಿದ್ದೇ ದೊಡ್ಡದು. ಎಷ್ಟೋ ಜನ ಕೇಳುವುದಿಲ್ಲ.

ಅರ್ಧ ಗಂಟೆ ಕೊಡಿ ಅಂದೆ. ಮೊದಲು ಆ ಭಾಗದ ರೇಂಜ್ ಆಫೀಸರ್‌ಗೆ ಫೋನ್ ಮಾಡಿದೆ. ಇಲಾಖೆಗೆ ಗೊತ್ತಿಲ್ಲದ ಸುದ್ದಿ ನಮ್ಮಿಂದ ಹೊರಗೆ ಹೋಗಬಾರದು. ಹೋದರೆ ಅವರು ಬೆಳಿಗ್ಗೆ ಟಿವಿ ಮೈಕಿನ ಮುಂದೆ ತಡವರಿಸುತ್ತಾರೆ, ಮುಂದಿನ ಸಲ ನಮ್ಮ ಫೋನ್ ಎತ್ತುವುದಿಲ್ಲ, ಅದೂ ನ್ಯಾಯವೇ. ಆಮೇಲೆ ಬರೆಯಲು ಕೂತೆ. ಮೊದಲ ಕರಡಿನಲ್ಲಿ "ಗಾಬರಿಯಾಗಬೇಡಿ" ಅಂತಿತ್ತು, ತೆಗೆದೆ. ನಡುರಾತ್ರಿ ಯಾರಾದರೂ ಗಾಬರಿಯಾಗಬೇಡಿ ಅಂದರೆ ಮಲಗಿದ್ದವರೂ ಎದ್ದು ಗಾಬರಿಯಾಗುತ್ತಾರೆ. "ಚಿರತೆಗಳು ಸಾಮಾನ್ಯವಾಗಿ ಮನುಷ್ಯರ ತಂಟೆಗೆ ಬರುವುದಿಲ್ಲ" ಅಂತಿತ್ತು. ನಿಜವೇ, ಆದರೂ ತೆಗೆದೆ, ಅದು ಹಗಲಿನ ಮಾತು, ಆ ಹೊತ್ತಿಗೆ ಉಪದೇಶದ ಹಾಗೆ ಕೇಳುತ್ತದೆ. ಕೊನೆಗೆ ಉಳಿದದ್ದು ಇಷ್ಟು:

"ಇವತ್ತು ರಾತ್ರಿ 11.10ಕ್ಕೆ ಹಿಂಬದಿ ಗೋಡೆಯ ಮೇಲೆ ಒಂದು ಚಿರತೆ ಹಾದುಹೋಗಿದೆ. ಯಾರಿಗೂ ಏನೂ ಆಗಿಲ್ಲ. ಅರಣ್ಯ ಇಲಾಖೆಗೆ ತಿಳಿಸಿದ್ದೇವೆ. ಕತ್ತಲಾದ ಮೇಲೆ ಮಕ್ಕಳನ್ನು ಹಿಂದಿನ ತೋಟಕ್ಕೆ ಒಂಟಿಯಾಗಿ ಬಿಡಬೇಡಿ. ಮತ್ತೆ ಕಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಸುತ್ತುಗಟ್ಟಬೇಡಿ, 1926ಕ್ಕೆ ಫೋನ್ ಮಾಡಿ. ಕಸದ ಡಬ್ಬಿಗಳನ್ನು ನಾಳೆ ಬೆಳಿಗ್ಗೆ ಒಳಗೆ ಸರಿಸುತ್ತೇವೆ."

ಹಿಂದಿ, ಮರಾಠಿಯಲ್ಲಿ ಕಳಿಸಿದೆವು. ಇದರಲ್ಲಿ 'ನುಗ್ಗಿದೆ' ಹೋಗಿ 'ಹಾದುಹೋಗಿದೆ' ಬಂದದ್ದು ನೋಡಿ. ನುಗ್ಗುವುದು ಕಳ್ಳ, ಹಾದುಹೋಗುವುದು ದಾರಿಹೋಕ. ಸಮಯ ಬರೆದದ್ದು ಯಾಕೆ ಅಂದರೆ, ಇಲ್ಲದಿದ್ದರೆ ಇದೇ ಮೆಸೇಜು ಮೂರು ವಾರ ಬಿಟ್ಟು ಇನ್ನೊಂದು ಸೊಸೈಟಿಯಲ್ಲಿ 'ಈಗ ತಾನೇ' ಆಗಿ ಓಡಾಡುತ್ತದೆ. ಸುತ್ತುಗಟ್ಟಬೇಡಿ ಅನ್ನುವುದು ಎಲ್ಲಕ್ಕಿಂತ ಮುಖ್ಯ, ಹಗಲು ಹೊತ್ತು ಸಿಕ್ಕಿಬಿದ್ದ ಚಿರತೆಯ ಸುತ್ತ ಮೊಬೈಲ್ ಹಿಡಿದ ಇನ್ನೂರು ಜನ ನಿಂತರೆ ಅದಕ್ಕೆ ಓಡಲು ಜನರ ನಡುವೆಯೇ ದಾರಿ. ಆ ಕೊನೆಯ ಸಾಲಿನ ಕಸದ ಡಬ್ಬಿ ಇದೆಯಲ್ಲ, ಅದರ ಹಿಂದೆ ಒಂದು ಅಧ್ಯಯನವೇ ಇದೆ. ಕಸಕ್ಕೆ ಬೀದಿನಾಯಿ ಬರುತ್ತವೆ, ನಾಯಿಗೆ ಚಿರತೆ ಬರುತ್ತದೆ. ಈ ಉದ್ಯಾನದ ಚಿರತೆಗಳ ಊಟದಲ್ಲಿ ದೊಡ್ಡ ಪಾಲು ನಾಯಿಗಳದ್ದೇ, ವರ್ಷಕ್ಕೆ 1,500ರ ತನಕ ನಾಯಿ ತಿನ್ನಬಹುದು, ಅದರಿಂದ ಸುಮಾರು ಸಾವಿರ ನಾಯಿಕಡಿತ ತಪ್ಪುತ್ತಿರಬಹುದು ಅಂತ 2018ರಲ್ಲಿ ಕೆಲವು ಸಂಶೋಧಕರು ಅಂದಾಜು ಮಾಡಿದ್ದರು. ಬಹಳ ಚೆಂದದ ಅಂಕಿ ಅದು. ಸಮ್ಮೇಳನದಲ್ಲಿ ಹೇಳಬಹುದು, ಪತ್ರಿಕೆಗೆ ಬರೆಯಬಹುದು, ಅಂಥ ರಾತ್ರಿ ನಾಯಿ ಸಾಕಿಕೊಂಡವರಿಗೆ ಹೇಳಿ ನೋಡಿ.

ಪದಗಳ ವಿಷಯಕ್ಕೆ ಬಂದರೆ ಈ ಊರಲ್ಲಿ ಇನ್ನೊಂದು ತಮಾಷೆ. ಮರಾಠಿಯಲ್ಲಿ ಚಿರತೆಗೆ ಬಿಬಟ್ಯಾ. ಆದರೆ ಆರೇ ಕಾಲನಿಯ ಜನ ಸುಮ್ನೆ 'ವಾಘ್' ಅಂದುಬಿಡುತ್ತಾರೆ, ಪಟ್ಟೆಯದ್ದಕ್ಕೆ ಬೇಕಾದರೆ ಪಟ್ಟೇರಿ ವಾಘ್. ಉತ್ತರದ ಕಡೆಯ ವಾಚ್‌ಮನ್‌ಗೆ ಅದು ತೇಂದುವಾ, ಇಲ್ಲವೇ ಚೀತಾ, ಅವಸರದಲ್ಲಿದ್ದರೆ ಶೇರ್. ನಮ್ಮ ತುಳು ಹೋಟೆಲಿನವರಿಗೆ ಚಿಟ್ಟೆಪಿಲಿ. ಹಾಗಾಗಿ ರಾತ್ರಿ ಕಂಡ ಒಂದು ಚಿರತೆ ಬೆಳಗಾಗುವುದರೊಳಗೆ ಒಂದು ಹುಲಿ, ಒಂದು ಸಿಂಹ, ಒಂದು ಚೀತಾ ಆಗಿ ಮೂರು ಕಡೆಯಿಂದ ಫೋನ್ ಬರುತ್ತದೆ. ಕನ್ನಡದವರೇನು ಕಮ್ಮಿಯಿಲ್ಲ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8 ಚೀತಾಗಳನ್ನು ಮಧ್ಯಪ್ರದೇಶದ ಕೂನೊಗೆ ತಂದರಲ್ಲ, ಆಗ ಬಹಳ ಜನ 'ಚಿರತೆ ಬಂತು' ಅಂತಲೇ ಬರೆದರು. ಬೋರಿವಲಿಯಲ್ಲಿ ಬೇಕಾದಷ್ಟಿರುವಾಗ ವಿಮಾನದಲ್ಲಿ ಯಾಕೆ ತರಿಸಿದರು ಅಂತ ನಮ್ಮ ಭಾವ ಒಂದು ವಾರ ಕೇಳುತ್ತಿದ್ದರು. ಭಾವನ ತಪ್ಪಲ್ಲ ಅದು. ಚೀತಾ ಚಿರತೆಯಲ್ಲ, ಬೇರೆಯೇ ಪ್ರಾಣಿ, ಅದಕ್ಕೆ ಕನ್ನಡದಲ್ಲಿ ಸಿವಂಗಿ ಅನ್ನುವ ಹಳೆಯ ಹೆಸರೇ ಇತ್ತು. ಪ್ರಾಣಿ ಹೋಯಿತು, 1952ರಲ್ಲಿ ದೇಶದಲ್ಲಿ ಇನ್ನಿಲ್ಲ ಅಂತ ಘೋಷಿಸಿದರು, ಹೆಸರೂ ಅದರ ಹಿಂದೆಯೇ ಹೋಯಿತು.

ಹೇಳಬಾರದ ಅರ್ಧ ಅಂದೆನಲ್ಲ, ಅದೇನು ಅಂದರೆ ಮುಖ್ಯವಾಗಿ ಜಾಗ. ಕ್ಯಾಮೆರಾ ಟ್ರ್ಯಾಪ್ ಅಂದರೆ ಮರದ ಬುಡಕ್ಕೆ ಕಟ್ಟಿದ ಪೆಟ್ಟಿಗೆ, ಎದುರು ಏನಾದರೂ ಬೆಚ್ಚಗಿನದು ಹಾದುಹೋದರೆ ತಾನೇ ಫೋಟೋ ತೆಗೆಯುತ್ತದೆ. ದಾರಿಯ ಎರಡೂ ಬದಿಗೆ ಒಂದೊಂದು ಕಟ್ಟುತ್ತಾರೆ, ಯಾಕಂದರೆ ಚಿರತೆಯ ಎಡಮೈಯ ಮಚ್ಚೆಯೇ ಬೇರೆ, ಬಲಮೈಯದೇ ಬೇರೆ. ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ ಒಂದರ ಮಚ್ಚೆ ಇನ್ನೊಂದಕ್ಕಿರುವುದಿಲ್ಲ, ಹಾಗೇ ಎಣಿಸುವುದು. ಆ ಫೋಟೋಗಳು ಬಹಳ ಚೆನ್ನಾಗಿರುತ್ತವೆ. ಹಾಕಬೇಕು ಅಂತ ಕೈ ತುರಿಸುತ್ತದೆ. ಹಾಕುವ ಮೊದಲು ಫೋಟೋ ಒಳಗೆ ಅಡಗಿರುವ ಜಿಪಿಎಸ್ ಅಂಕಿ ಅಳಿಸಬೇಕು, ದಿನಾಂಕ ಸಮಯದ ಪಟ್ಟಿ ಕತ್ತರಿಸಬೇಕು, ಹಿಂದೆ ಗುರುತು ಹಿಡಿಯುವಂಥ ಬಂಡೆಯೋ ಕೆರೆಯ ಏರಿಯೋ ಇದ್ದರೆ ಅದನ್ನೂ ಕತ್ತರಿಸಬೇಕು. ಯಾಕೆ ಅಂದರೆ ಉರುಳು ಹಾಕುವವರೂ ಫೋನ್ ನೋಡುತ್ತಾರೆ. ಫೋಟೋಗ್ರಾಫರ್‌ಗಳೂ ನೋಡುತ್ತಾರೆ, ಮರಿಗಳಿರುವ ಗುಹೆ ಅಂತ ಗೊತ್ತಾದರೆ ಶನಿವಾರ ಬೆಳಿಗ್ಗೆ ಹದಿನೈದು ಜನ ಟ್ರೈಪಾಡ್ ಹಿಡಿದು ಹಾಜರು.

ಇನ್ನೊಂದು ಇದೆ, ಇದನ್ನು ಹೊರಗಿನವರು ಯೋಚಿಸುವುದೇ ಇಲ್ಲ. ಕ್ಯಾಮೆರಾಕ್ಕೆ ಚಿರತೆಗಿಂತ ಮನುಷ್ಯರೇ ಜಾಸ್ತಿ ಸಿಗುತ್ತಾರೆ. ಸೌದೆಗೆ ಬಂದ ಹೆಂಗಸರು, ಬೆಳಗಿನ ಜಾವ ಬಯಲಿಗೆ ಹೊರಟವರು, ಎಲ್ಲೂ ಜಾಗ ಸಿಗದೆ ಬಂದು ಕೂತ ಜೋಡಿಗಳು. ನಾನು ಸೇರಿದ ಮೊದಲ ತಿಂಗಳಲ್ಲಿ ಒಂದು ಫೋಟೋ ಕಂಡಿತ್ತು, ತಲೆಯ ಮೇಲೆ ಸೌದೆ ಹೊರೆ, ಕೈಯಲ್ಲಿ ಮಗು, ಆ ಹೆಂಗಸು ನೇರ ಕ್ಯಾಮೆರಾ ಕಡೆಗೆ ನೋಡಿ ನಗುತ್ತಿದ್ದರು. 'ಕಾಡಿನ ಜೊತೆ ಬದುಕು' ಅಂತ ಹಾಕೋಣ ಅಂದೆ. ನಮ್ಮ ಫೀಲ್ಡಿನವರು ಒಂದೇ ಮಾತು ಹೇಳಿದರು: "ರಾಷ್ಟ್ರೀಯ ಉದ್ಯಾನದಿಂದ ಸೌದೆ ತರುವುದು ಕಾನೂನಿಗೆ ವಿರುದ್ಧ, ಫೋಟೋ ಹಾಕಿದರೆ ಅವರ ಮನೆಗೆ ಗಾರ್ಡ್ ಹೋಗುತ್ತಾನೆ." ಅವತ್ತಿನಿಂದ ಮನುಷ್ಯರು ಸಿಕ್ಕ ಫೋಟೋಗಳು ನನ್ನ ಕಂಪ್ಯೂಟರಿಗೆ ಬರುವುದೇ ಇಲ್ಲ, ಅಲ್ಲೇ ಅಳಿಸುತ್ತಾರೆ.

ಈಗ ದುಡ್ಡಿನ ವಿಷಯ. ಇಲ್ಲಿ ಸ್ವಲ್ಪ ಬೇಜಾರಿನ ಲೆಕ್ಕ ಇದೆ, ಆದರೆ ಇದು ಗೊತ್ತಿಲ್ಲದಿದ್ದರೆ ನಾವು ಬರೆಯುವುದೆಲ್ಲ ಹಾಗೇಕೆ ಇರುತ್ತದೆ ಅಂತ ತಿಳಿಯುವುದಿಲ್ಲ. ನಮ್ಮಂಥ ಟ್ರಸ್ಟಿಗೆ ದುಡ್ಡು ಮೂರು ಬಾಗಿಲಿನಿಂದ ಬರುತ್ತದೆ. ಒಂದು ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2 ಭಾಗ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಕಾಡು ಮತ್ತು ಪ್ರಾಣಿಗಳ ರಕ್ಷಣೆ ಆ ಪಟ್ಟಿಯಲ್ಲಿದೆ. ಎರಡನೆಯದು ವಿದೇಶಿ ದೇಣಿಗೆ. ಅದರ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಅದರಲ್ಲಿ ಆಡಳಿತದ ಖರ್ಚು ನೂರಕ್ಕೆ 20 ದಾಟುವ ಹಾಗಿಲ್ಲ, ಮೊದಲು 50ರ ತನಕ ಇತ್ತು. ಮೂರನೆಯದು ನಿಮ್ಮಂಥವರು ಕೊಡುವ ಐನೂರು, ಸಾವಿರ. ಇದಕ್ಕೆ ಮೊದಲೆಲ್ಲ '80ಜಿ ತೆರಿಗೆ ವಿನಾಯಿತಿ ಉಂಟು' ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದರೆ ಮಾರ್ಚ್ ತಿಂಗಳಲ್ಲಿ ನಾಲ್ಕು ಕಾಸು ಬರುತ್ತಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ, ಜನ ಹೊಸದಕ್ಕೆ ಹೋಗುತ್ತಿದ್ದಾರೆ, ಆ ಸಾಲಿನ ಬೆಲೆ ಇಳಿಯಿತು.

ಇದರಲ್ಲಿ ನನ್ನ ಸಂಬಳ ಎಲ್ಲಿ ಕೂರುತ್ತದೆ? ಕೊಡುವವರು ಯಾರೂ ಸಂಬಳಕ್ಕೆ ಅಂತ ಕೊಡುವುದಿಲ್ಲ. ಚಿರತೆಗೆ ಕೊಡುತ್ತಾರೆ, ಜೀಪಿಗೆ ಕೊಡುತ್ತಾರೆ, ಕ್ಯಾಮೆರಾಕ್ಕೆ ಕೊಡುತ್ತಾರೆ. ಹಾಗಾಗಿ ಕಮ್ಯುನಿಕೇಷನ್ಸ್ ಅನ್ನುವುದು ಬಜೆಟಿನಲ್ಲಿ ಯಾವಾಗಲೂ ವೇಷ ಹಾಕಿಕೊಂಡೇ ಬರುತ್ತದೆ, ಒಂದು ವರ್ಷ 'ಶಾಲಾ ಜಾಗೃತಿ', ಇನ್ನೊಂದು ವರ್ಷ 'ಸಮುದಾಯ ಸಂಪರ್ಕ'. ಸುಳ್ಳಲ್ಲ, ಆ ಕೆಲಸವನ್ನೂ ಮಾಡುತ್ತೇವೆ. ಆದರೆ ಕೊಡುವವರಿಗೆ ಬೇಕಾದ ಕಥೆಯೂ ಗೋಡೆಯ ಪಕ್ಕದವರಿಗೆ ಬೇಕಾದ ಮಾತೂ ಬೇರೆ ಬೇರೆ. ಕೊಡುವವರಿಗೆ ಪಂಜರದ ಹಿಂದಿನ ಒದ್ದೆ ಕಣ್ಣು ಬೇಕು, 'ಕೊನೆಯ ಅವಕಾಶ' ಬೇಕು, ರೆಸ್ಕ್ಯೂ ವಿಡಿಯೋ ಬೇಕು. ಪಕ್ಕದವರಿಗೆ ಚಿರತೆ ಅಂದರೆ ಅಂಥ ವಿಶೇಷವೇನಲ್ಲ, ಎಚ್ಚರ ಇದ್ದರೆ ಸಾಕು ಅನಿಸಬೇಕು. ಒಂದೇ ಪೇಜಿನಲ್ಲಿ ಎರಡನ್ನೂ ಹಾಕಿದರೆ ಬೆಳಿಗ್ಗೆ ಸೈರನ್ ಊದಿ ಸಂಜೆ ಲಾಲಿ ಹಾಡಿದ ಹಾಗೆ. ನಮ್ಮಲ್ಲಿ ಬೋನಿನೊಳಗಿನ ಚಿರತೆಯ ಫೋಟೋ ಹಾಕಬಾರದು ಅಂತ ತೀರ್ಮಾನ ಮಾಡಿದೆವು, ಯಾಕಂದರೆ ಅದನ್ನು ನೋಡಿದವರೆಲ್ಲ 'ಓ, ಹಿಡಿಯುವುದೇ ಪರಿಹಾರ' ಅಂದುಕೊಳ್ಳುತ್ತಾರೆ. ಆ ವರ್ಷ ದೇಣಿಗೆ ಇಳಿಯಿತು. ಮೀಟಿಂಗಿನಲ್ಲಿ ನನ್ನನ್ನೇ ನೋಡಿದರು.

ಅಂದವಿಲ್ಲದ ಪ್ರಾಣಿಗಳ ಪಾಡು ಇನ್ನೂ ಕಷ್ಟ. ಹದ್ದುಗಳಲ್ಲಿ ದೊಡ್ಡದು ರಣಹದ್ದು, ತೊಂಬತ್ತರ ದಶಕದಲ್ಲಿ ದೇಶದ ತುಂಬ ಸತ್ತುಹೋದವು, ಕೆಲವು ಜಾತಿಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ. ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಪಾರಸಿಗಳು ತಮ್ಮ ಸತ್ತವರನ್ನು ಹದ್ದುಗಳಿಗೆ ಬಿಡುವ ಪದ್ಧತಿಗೇ ಅದರಿಂದ ಕಷ್ಟ ಬಂತು. ಕಾರಣ ಒಂದು ನೋವಿನ ಔಷಧಿ, ಡೈಕ್ಲೋಫೆನಾಕ್. ದನಕ್ಕೆ ಕೊಡುತ್ತಿದ್ದರು, ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಹೋಗುತ್ತಿತ್ತು. 2004ರಲ್ಲಿ ಇದು ಪತ್ತೆಯಾಯಿತು, 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಆದರೆ ಮನುಷ್ಯರದ್ದು ಅಂತ ಮಾರುವ ದೊಡ್ಡ ಬಾಟಲಿಗಳನ್ನೇ ತಂದು ದನಕ್ಕೆ ಚುಚ್ಚುತ್ತಿದ್ದರು. 2015ರಲ್ಲಿ ಮನುಷ್ಯರ ಇಂಜೆಕ್ಷನ್ 3 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಬರಬಾರದು ಅಂತ ಮಾಡಿದ ಮೇಲೆ ಆ ದಾರಿ ಇಕ್ಕಟ್ಟಾಯಿತು. ನಾನು ಇದನ್ನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. ಹದ್ದಿನ ಎಷ್ಟೇ ಒಳ್ಳೆಯ ಫೋಟೋ ಹಾಕಿದರೂ ಈ ಕೆಲಸ ಆಗುತ್ತಿರಲಿಲ್ಲ. ಮಾತಾಡಬೇಕಾದದ್ದು ಔಷಧಿ ನಿಯಂತ್ರಣದವರ ಹತ್ತಿರ, ಮೆಡಿಕಲ್ ಶಾಪಿನ ಕೌಂಟರ್‌ನಲ್ಲಿ, ಹಳ್ಳಿಯ ಪಶುವೈದ್ಯರ ಹತ್ತಿರ: ಇದರ ಬದಲು ಮೆಲಾಕ್ಸಿಕಾಮ್ ಕೊಡಿ, ದನಕ್ಕೂ ಸಾಕು, ಹದ್ದಿಗೂ ತೊಂದರೆಯಿಲ್ಲ. ಇದಕ್ಕೆ ಲೈಕು ಬರುವುದಿಲ್ಲ.

ನನಗೆ ಇದೇ ಪಾಠ ಇನ್ನೊಂದು ಸಲ, ಸ್ವಲ್ಪ ಮರ್ಯಾದೆ ಹೋಗಿ ಆಯಿತು. ಉದ್ಯಾನದ ಒಳಗೂ ಆರೇಯಲ್ಲೂ ಆದಿವಾಸಿಗಳ ಪಾಡಾಗಳಿವೆ (ಸಣ್ಣ ಹಾಡಿಗಳು), ವಾರ್ಲಿಗಳು ಜಾಸ್ತಿ. ಅವರಿಗೆ ವಾಘೋಬಾ ಅಂತ ದೇವರು, ಕಲ್ಲಿನಲ್ಲೋ ಮರದಲ್ಲೋ ಹುಲಿಯ ರೂಪ ಕೆತ್ತಿರುತ್ತಾರೆ, ದೀಪಾವಳಿಯ ಹೊತ್ತಿಗೆ ವಾಘ್‌ಬಾರಸ್ ಅಂತ ಪೂಜೆ. ನಮ್ಮ ಕರಾವಳಿಯ ಪಿಲಿಚಾಮುಂಡಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ಒಂದು ಪಾಡಾದಲ್ಲಿ, ವಾಘೋಬಾನ ಗುಡಿಯಿಂದ ಐವತ್ತು ಹೆಜ್ಜೆ ದೂರದಲ್ಲಿ, 'ಚಿರತೆಯೊಂದಿಗೆ ಬಾಳುವುದು ಹೇಗೆ' ಅಂತ ಬಣ್ಣಬಣ್ಣದ ಪೋಸ್ಟರ್ ಅಂಟಿಸಿದೆ. ಒಬ್ಬ ಅಜ್ಜ ಬಂದು ಪೂರ್ತಿ ಓದಿಸಿಕೊಂಡು, ನೀನೆಲ್ಲಿರೋದು ಮಗಾ ಅಂದರು. ಕಾಂದಿವಲಿ, ಏಳನೇ ಮಹಡಿ ಅಂದೆ. ಅವರು ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು. ಪಕ್ಕದಲ್ಲಿದ್ದ ಹೆಂಗಸು ಮಾತ್ರ ಕೇಳಿದರು, "ಇದೆಲ್ಲ ಸರಿ, ಪಾಯಖಾನೆ ಯಾವಾಗ ಕಟ್ಟಿಸ್ತೀರಿ? ರಾತ್ರಿ ಹೊರಗೆ ಹೋಗೋದು ನಾವು." ದಾಳಿಗಳು ಎಲ್ಲಿ, ಎಷ್ಟು ಹೊತ್ತಿಗೆ ಆಗುತ್ತವೆ ಅಂತ ನೋಡಿದರೆ ಅವರು ಹೇಳಿದ್ದೇ ಸರಿ: ಕತ್ತಲೆ, ಬಯಲು, ಬಗ್ಗಿ ಕೂತ ಮನುಷ್ಯ. ಆ ತಿಂಗಳು ನಾನು ಬರೆದ ಅತ್ಯಂತ ಉಪಯೋಗದ ಬರಹ ಎರಡು ಪುಟದ ಒಂದು ಅರ್ಜಿ, ಪಾಲಿಕೆಯ ವಾರ್ಡ್ ಆಫೀಸಿಗೆ. ಜೊತೆಗೆ ಕೈಯಲ್ಲಿ ಬರೆದ ನಕ್ಷೆ, ಎಲ್ಲೆಲ್ಲಿ ಲೈಟಿಲ್ಲ ಅಂತ ಒಂಬತ್ತು ಚುಕ್ಕಿ. ಐದು ಕಡೆ ಲೈಟ್ ಬಂತು. ಪಾಯಖಾನೆ ಇನ್ನೂ ಫೈಲಿನಲ್ಲಿದೆ.

ಕೆಟ್ಟ ದಿನಗಳ ಬಗ್ಗೆಯೂ ಹೇಳಬೇಕು. ಎಲ್ಲ ಎಚ್ಚರ ಹೇಳಿಯೂ, ಎಲ್ಲ ಮಾಡಿಯೂ, ಯಾವತ್ತೋ ಒಂದು ದಿನ ಒಂದು ಮಗು ಹೋಗುತ್ತದೆ. ಅಂಥದೊಂದು ಬೆಳಿಗ್ಗೆ ನಾನು ಇಲಾಖೆಯವರ ಜೊತೆ ಫೋನಿನಲ್ಲಿದ್ದೆ, ಅಷ್ಟರಲ್ಲಿ ನಮ್ಮ ಪೇಜಿನಲ್ಲಿ ಮೂರು ದಿನ ಮೊದಲೇ ಶೆಡ್ಯೂಲ್ ಮಾಡಿಟ್ಟಿದ್ದ ಪೋಸ್ಟ್ ತಾನಾಗಿ ಹೋಯಿತು. ಚಿರತೆಮರಿಯ ಫೋಟೋ, ಕೆಳಗೆ ಹಬ್ಬದ ಶುಭಾಶಯ, ಒಂದು ಹೃದಯದ ಚಿಹ್ನೆ. ಇಪ್ಪತ್ತು ನಿಮಿಷ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ತೆಗೆಯುವ ಹೊತ್ತಿಗೆ ಸ್ಕ್ರೀನ್‌ಶಾಟ್ ಆ ಮಗುವಿನ ಕೇರಿಯ ವಾಟ್ಸಾಪ್ ಗುಂಪಿನಲ್ಲೇ ಓಡಾಡುತ್ತಿತ್ತು. ಯಾರೋ ಬೈದರು, ಬೈಯಬೇಕಾದದ್ದೇ. ಕ್ಷಮೆ ಕೇಳಿ ಬರೆದ ಎರಡು ಸಾಲಿನಲ್ಲಿ ಶೆಡ್ಯೂಲ್, ತಾಂತ್ರಿಕ ತೊಂದರೆ ಅಂತೆಲ್ಲ ಸೇರಿಸಲಿಲ್ಲ, ಆ ಅಮ್ಮನಿಗೆ ಅದನ್ನು ಕಟ್ಟಿಕೊಂಡು ಏನು? ಈಗ ನಮ್ಮಲ್ಲಿ ನಿಯಮವಿದೆ, ಯಾವ ಪೋಸ್ಟೂ ತಾನಾಗಿ ಹೋಗುವುದಿಲ್ಲ, ಬೆಳಿಗ್ಗೆ ಇಲಾಖೆಯ ಸುದ್ದಿ ಕೇಳಿದ ಮೇಲೆ ಒಬ್ಬರು ಕೈಯಾರೆ ಒತ್ತಬೇಕು. ಸಾವಾದ ಮೇಲೆ ಕೆಲವು ದಿನ ನಾವು ಚಿರತೆಯ ಪರವಾಗಿ ಒಂದಕ್ಷರ ಬರೆಯುವುದಿಲ್ಲ. ನಾಯಿ ಲೆಕ್ಕ, ಸರಹದ್ದಿನ ವಿಜ್ಞಾನ, ಯಾವುದೂ ಇಲ್ಲ. ಪಂಚನಾಮೆ ಎಲ್ಲಿ ಆಗುತ್ತದೆ, ಪರಿಹಾರಕ್ಕೆ ಯಾವ ಕಾಗದ ಬೇಕು, ರಾತ್ರಿ ಗಸ್ತು ಯಾರದ್ದು, ಇಷ್ಟೇ. ಟಿವಿಯವರು ಬೈಟ್ ಕೇಳಿದರೆ ಇಲಾಖೆಯ ಕಡೆ ಕೈ ತೋರಿಸುತ್ತೇನೆ. ನನಗೆ ಟಿವಿಯಲ್ಲಿ ಬರುವ ಆಸೆ ಇಲ್ಲ ಅಂತಲ್ಲ, ಆ ದಿನ ಇರುವುದಿಲ್ಲ.

ಈ ಕೆಲಸಕ್ಕೆ ಬರಬೇಕು ಅನ್ನುವವರಿಗೆ ಎರಡು ಮಾತು. ಪ್ರಾಣಿಶಾಸ್ತ್ರ ಓದಿರಲೇಬೇಕು ಅಂತಿಲ್ಲ, ನಾನು ಓದಿದ್ದು ಬಿಕಾಂ, ಬ್ಯಾಲೆನ್ಸ್ ಶೀಟ್ ಓದಲು ಬರುವುದರಿಂದ ಆದ ಉಪಯೋಗ ಕಮ್ಮಿಯಲ್ಲ. ಸಂಬಳ ಜಾಹೀರಾತು ಕಂಪನಿಯವರಿಗಿಂತ ಕಮ್ಮಿ, ಅದನ್ನು ಮೊದಲೇ ಮನೆಯಲ್ಲಿ ಹೇಳಿಬಿಡಿ. ಮುಂಬೈಯಲ್ಲಾದರೆ ಮರಾಠಿ ಬರಲೇಬೇಕು, ಬರೀ ಅರ್ಥವಾದರೆ ಸಾಲದು. ಸಂಶೋಧಕರು 'ಇರಬಹುದು' ಅಂದದ್ದನ್ನು 'ಇದೆ' ಅಂತ ಬರೆಯದಿರುವ ತಾಳ್ಮೆ ಬೇಕು. ಮತ್ತೆ ವಿಡಿಯೋ ನೋಡುವ ಕಣ್ಣು. ಗುಂಪಿನಲ್ಲಿ ಬರುವ ಚಿರತೆ ವಿಡಿಯೋಗಳಲ್ಲಿ ಬಹಳಷ್ಟು ಹಳೆಯವು ಅಥವಾ ಬೇರೆ ಊರಿನವು, ಈಗಂತೂ ಎಐ ಮಾಡಿದವೂ ಸೇರಿಕೊಂಡಿವೆ. ಅದಕ್ಕೆ ಪ್ರಾಣಿಯನ್ನು ನೋಡುವುದು ಬಿಟ್ಟು ಪ್ರಾಣಿಯ ಹಿಂದೆ ನೋಡುತ್ತೇನೆ. ಗಾಡಿಯ ನಂಬರ್ ಪ್ಲೇಟ್, ನೆಲದ ಟೈಲ್ಸ್, ಮಳೆಗಾಲದ ವಿಡಿಯೋ ಅಂದರೆ ನೆಲ ಒದ್ದೆ ಇದೆಯೋ, ಅಂಗಡಿ ಬೋರ್ಡು ಯಾವ ಭಾಷೆ.

ಹೋದ ತಿಂಗಳು ದೊಡ್ಡಮ್ಮನ ಫೋನ್ ಬಂತು. ಅವರ ಬಿಲ್ಡಿಂಗಿನ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ದರಂತೆ, ಮುಲುಂಡ್ ಸ್ಟೇಷನ್ ಹಿಂದೆ ಚಿರತೆ, ಈಗ ತಾನೇ. ನಾನೂ ಅದನ್ನು ಬೆಳಿಗ್ಗೆಯಿಂದ ನಾಲ್ಕು ಗುಂಪಿನಲ್ಲಿ ನೋಡಿದ್ದೆ, ಎಲ್ಲಿಯದು ಅಂತ ಗೊತ್ತಾಗದೆ ಕೂತಿದ್ದೆ. ಕತ್ತಲೆ, ಒಂದು ಸ್ಕೂಟರ್, ಅರ್ಧ ಮುಚ್ಚಿದ ಶಟರ್.

"ಮುಲುಂಡ್ ಎಂತದ್ದೂ ಅಲ್ಲ" ಅಂದರು ದೊಡ್ಡಮ್ಮ. "ಶಟರ್ ಮೇಲೆ ಕಾಣ್, ಕನ್ನಡದಗೆ 'ಪ್ರಾವಿಜನ್ ಸ್ಟೋರ್ಸ್' ಅಂದ್ ಬರ್ದಿತ್. ನಾನ್ ಗುಂಪಿಗೆ ಹಾಕ್ದೆ, ಇದ್ ನಮ್ ಬದಿದ್ದ್, ಎಲ್ಲ ಮನಿಕಣಿ ಅಂದೇಳಿ."